ಕಿತ್ತಳೆ ಸಿಪ್ಪೆಯಲ್ಲೇ ಕೂರುವ ಜೆಲ್ಲಿ ಶಾಟ್

ನೋಡೋಕೆ ಈಗಷ್ಟೇ ಕೊಯ್ದಿಟ್ಟ ಕಿತ್ತಳೆ ಹೋಳು. ಬಾಯಿಗೆ ಹಾಕಿಕೊಂಡರೆ ನಾರಿಲ್ಲ, ಬೀಜವಿಲ್ಲ. ತಣ್ಣಗಿನ ಜೆಲ್ಲಿ ನಾಲಿಗೆ ಮೇಲೆ ಕರಗಿ ಹುಳಿ-ಸಿಹಿ ರಸವಾಗುತ್ತದೆ, ಅದರ ಬೆನ್ನಿಗೇ ವೋಡ್ಕಾದ ಸಣ್ಣ ಖಾರ. ಬೇಸಿಗೆಯ ಪಾರ್ಟಿಗೆ ಇದಕ್ಕಿಂತ ಚೆಂದದ ತಟ್ಟೆ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮಾಡುವುದೂ ಕಷ್ಟವಲ್ಲ. ಆದರೆ ಹುಳಿ, ಮದ್ಯ, ಬಿಸಿಲು ಈ ಮೂರೂ ಜೆಲ್ಲಿಯನ್ನು ಗಟ್ಟಿ ಮಾಡುವ ಜೆಲಟಿನ್‌ಗೆ ಆಗಿಬರುವುದಿಲ್ಲ. ಹಾಗಾಗಿ ಅಳತೆ ಎಷ್ಟು, ಯಾವುದಾದ ಮೇಲೆ ಯಾವುದು ಅನ್ನುವುದನ್ನು ಸರಿಯಾಗಿ ತಿಳಿದುಕೊಂಡು ಶುರು ಮಾಡಬೇಕು.

ಹಿಂದಿನ ದಿನ ಸಂಜೆಯೇ ಮಾಡಿಟ್ಟುಬಿಡಿ. ಜೆಲ್ಲಿ 4 ಗಂಟೆಯಲ್ಲಿ ಕೂರುತ್ತದೆ ನಿಜ, ಆದರೆ ರಾತ್ರಿಯಿಡೀ ಫ್ರಿಜ್‌ನಲ್ಲಿದ್ದರೆ ಇನ್ನೂ ಗಟ್ಟಿಯಾಗುತ್ತದೆ. ಕತ್ತರಿಸುವಾಗ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಏನೇನು ಬೇಕು

ಮಧ್ಯಮ ಗಾತ್ರದ ಕಿತ್ತಳೆ 4, ನಿಂಬೆಹಣ್ಣು 2, ಸಕ್ಕರೆ 60 ಗ್ರಾಂ, ಸಪ್ಪೆ ಜೆಲಟಿನ್ ಪುಡಿ 15 ಗ್ರಾಂ (ಟೀ ಚಮಚದಲ್ಲಿ ಮಟ್ಟಸವಾಗಿ 5), ತಣ್ಣೀರು 80 ಎಂ.ಎಲ್., ವೋಡ್ಕಾ 100 ಎಂ.ಎಲ್. ಜೊತೆಗೆ ಚಿಟಿಕೆ ಉಪ್ಪು. ಇದರಲ್ಲಿ ಸುಮಾರು 32 ಹೋಳು ಆಗುತ್ತವೆ. ಕಿತ್ತಳೆ ಆರಿಸುವಾಗ ಸಿಪ್ಪೆ ಹಣ್ಣಿಗೆ ಬಿಗಿಯಾಗಿ ಅಂಟಿಕೊಂಡಿರುವುದನ್ನೇ ತೆಗೆದುಕೊಳ್ಳಿ. ಸಡಿಲ ಸಿಪ್ಪೆಯ ಹಣ್ಣು ಸುಲಿದು ತಿನ್ನೋಕೆ ಒಳ್ಳೆಯದು, ಬಟ್ಟಲು ಮಾಡೋಕೆ ಅಲ್ಲ. ಅದರ ಸಿಪ್ಪೆ ಬೇಗ ಹರಿಯುತ್ತದೆ.

ಬಣ್ಣ ಬಣ್ಣದ ರೆಡಿಮೇಡ್ ಜೆಲ್ಲಿ ಪುಡಿಯಿಂದಲೂ ಮಾಡಬಹುದು. ಆದರೆ ಅದರಲ್ಲಿ ಹಣ್ಣಿನ ರುಚಿಗಿಂತ ಸಕ್ಕರೆ, ಎಸೆನ್ಸ್ ಜಾಸ್ತಿ. ಹಣ್ಣು ಕೈಯಲ್ಲೇ ಇರುವಾಗ ಅದರ ರಸವನ್ನೇ ಬಳಸಬಹುದು ಅಲ್ವಾ?

ಮೊದಲು ಬಟ್ಟಲು

ಹಣ್ಣು ಚೆನ್ನಾಗಿ ತೊಳೆದು, ಒರೆಸಿ, ತೊಟ್ಟಿನಿಂದ ತಳಕ್ಕೆ ಉದ್ದುದ್ದ ಎರಡು ಭಾಗ ಮಾಡಿ. ಅಡ್ಡ ಕೊಯ್ದರೆ ರಸ ಹಿಂಡುವುದು ಸುಲಭ, ಆದರೆ ಆಮೇಲೆ ಹೋಳು ಮಾಡಿದಾಗ ಕಿತ್ತಳೆ ಹೋಳಿನ ಆಕಾರ ಬರುವುದಿಲ್ಲ. ಚಮಚದ ಅಂಚನ್ನು ತಿರುಳು ಮತ್ತು ಸಿಪ್ಪೆಯ ನಡುವೆ ತೂರಿಸಿ, ಸಿಪ್ಪೆಯ ಬಾಗಿಗೆ ಒರಗಿಸಿಕೊಂಡೇ ನಿಧಾನವಾಗಿ ಸುತ್ತ ಬಿಡಿಸಿ. ಒಂದು ಕಡೆ ಬಿಟ್ಟುಕೊಂಡರೆ ಉಳಿದದ್ದನ್ನು ಬೆರಳಿನಿಂದಲೇ ಎತ್ತಬಹುದು. ತೊಟ್ಟಿನ ಹತ್ತಿರ ಮಾತ್ರ ಎಳೆಯಬೇಡಿ. ಅಲ್ಲೇ ತೂತು ಬೀಳುವುದು. ತಿರುಳನ್ನು ಜರಡಿಗೆ ಹಾಕಿ ಒತ್ತಿ ರಸ ತೆಗೆಯಿರಿ. 200 ಎಂ.ಎಲ್. ಸಾಕು, ಮಿಕ್ಕಿದ್ದನ್ನು ಕುಡಿಯಿರಿ. ನಿಂಬೆರಸ 40 ಎಂ.ಎಲ್. ಬೇರೆಯಾಗಿ ಇಟ್ಟುಕೊಳ್ಳಿ.

ಒಳಗಿನ ಬಿಳಿ ಪದರ ಪೂರ್ತಿ ಕೆರೆಯುವುದು ಬೇಡ. ಜೋತಾಡುವ ನಾರು ತೆಗೆದರೆ ಸಾಕು. ಸಿಪ್ಪೆಯ ಬಟ್ಟಲುಗಳನ್ನು ಮಫಿನ್ ಟ್ರೇಯಲ್ಲೋ ಸಣ್ಣ ಕಪ್‌ಗಳ ಮೇಲೋ ಅಲುಗಾಡದಂತೆ ಕೂರಿಸಿ. ಅಂಚು ಮಟ್ಟವಾಗಿರಲಿ, ಇಲ್ಲದಿದ್ದರೆ ಒಂದು ಕಡೆ ಚೆಲ್ಲುತ್ತದೆ, ಇನ್ನೊಂದು ಕಡೆ ಖಾಲಿ ಉಳಿಯುತ್ತದೆ.

ಜೆಲಟಿನ್ ಪಳಗಿಸುವುದು

ಎಲ್ಲ ಇರುವುದು ಇಲ್ಲೇ. ಅಗಲ ಬಟ್ಟಲಲ್ಲಿ 80 ಎಂ.ಎಲ್. ತಣ್ಣೀರು ಹಾಕಿ, ಅದರ ಮೇಲೆ ಜೆಲಟಿನ್ ಪುಡಿಯನ್ನು ಎಲ್ಲ ಕಡೆ ಉದುರಿಸಿ. ಒಂದೇ ಕಡೆ ಸುರಿದರೆ ಹೊರಗೆ ಲೋಳೆಯಾಗಿ ಒಳಗೆ ಒಣ ಪುಡಿ ಉಳಿದು ಗಂಟಾಗುತ್ತದೆ. ಬಿಸಿನೀರಿಗೆ ನೇರವಾಗಿ ಹಾಕಿದರೂ ಅದೇ ಕತೆ. 5ರಿಂದ 10 ನಿಮಿಷ ಹಾಗೇ ಬಿಡಿ. ಕಾಳು ಕಾಳಾಗಿದ್ದ ಪುಡಿ ನೀರು ಕುಡಿದು ಉಬ್ಬಿ, ಒದ್ದೆ ರವೆಯ ಮುದ್ದೆಯಂತೆ ಆಗಬೇಕು. ಒಣಗಿದ ಬಿಳಿ ಚುಕ್ಕೆ ಎಲ್ಲಾದರೂ ಕಂಡರೆ ಎರಡು ಹನಿ ನೀರು ಚಿಮುಕಿಸಿ.

ಈಗ ಅರ್ಧ ಕಿತ್ತಳೆ ರಸ, ಸಕ್ಕರೆ, ಉಪ್ಪು ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಸಕ್ಕರೆ ಕರಗಿ ಹಬೆ ಏಳುವಷ್ಟಾದರೆ ಸಾಕು, ಕುದಿಯಬಾರದು. ಕುದಿಸಿದರೆ ರಸದ ತಾಜಾ ಘಮ ಹೋಗುತ್ತದೆ. ಜೆಲಟಿನ್ ಹೆಚ್ಚು ಹೊತ್ತು ಕುದ್ದರೆ, ಅದೂ ಹುಳಿಯ ಜೊತೆ, ಅದರ ಹಿಡಿತ ಕಡಿಮೆಯಾಗುತ್ತದೆ. ಒಲೆ ಆರಿಸಿ ನೆನೆದ ಜೆಲಟಿನ್ ಹಾಕಿ, ಎರಡು ನಿಮಿಷ ನಿಧಾನವಾಗಿ ತಿರುಗಿಸಿ. ಚಮಚ ಮೇಲೆತ್ತಿ ಅದರ ಬೆನ್ನು ನೋಡಿ. ಸಕ್ಕರೆ ಹರಳಿನಂಥ ಕಾಳು ಒಂದೂ ಇರಬಾರದು. ಒಂದು ಹನಿಯನ್ನು ಎರಡು ಬೆರಳ ನಡುವೆ ಉಜ್ಜಿದರೂ ಗೊತ್ತಾಗುತ್ತದೆ. ತರಿ ಇದ್ದರೆ ಪಾತ್ರೆಯನ್ನು ಬಿಸಿನೀರಿನ ಮೇಲಿಟ್ಟು ಮತ್ತೆ ತಿರುಗಿಸಿ.

ಪೂರ್ತಿ ಕರಗಿದ ಮೇಲೆ ಉಳಿದ ಕಿತ್ತಳೆ ರಸ, ನಿಂಬೆರಸ ಸೇರಿಸಿ. ಇದರಿಂದಲೇ ಮಿಶ್ರಣ ಅರ್ಧ ತಣಿಯುತ್ತದೆ. ಕೊನೆಗೆ ವೋಡ್ಕಾ. ಮದ್ಯ ಕುದಿಯುವುದು 78 ಡಿಗ್ರಿ ಸೆಲ್ಸಿಯಸ್‌ಗೆ. ಬಿಸಿ ಬಿಸಿ ಇರುವಾಗಲೇ ಹಾಕಿದರೆ ಒಂದಷ್ಟು ಆವಿಯಾಗಿ ಹೋಗುತ್ತದೆ. ಹಾಗಂತ ಫ್ರೀಜರ್‌ನಿಂದ ತೆಗೆದ ವೋಡ್ಕಾವನ್ನು ಒಮ್ಮೆಗೇ ಸುರಿದರೆ ಜೆಲಟಿನ್ ಎಳೆ ಎಳೆಯಾಗಿ ಹೆಪ್ಪುಗಟ್ಟಬಹುದು. ಹೊರಗಿಟ್ಟ ವೋಡ್ಕಾವನ್ನೇ ಸಣ್ಣ ಧಾರೆಯಲ್ಲಿ ಹಾಕುತ್ತಾ ತಿರುಗಿಸಿ.

ಈಗ ರುಚಿ ನೋಡಿ. ಕುಡಿಯೋಕೆ ಸರಿಯಾಗಿದೆ ಅನ್ನಿಸುವುದಕ್ಕಿಂತ ಒಂದು ಗುಲಗಂಜಿ ಸಿಹಿ ಹೆಚ್ಚಿರಬೇಕು. ತಣ್ಣಗಾದಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ.

ಸೋಸಿ, ಮೇಲಿನ ನೊರೆಯನ್ನು ಚಮಚದಿಂದ ತೆಗೆದು, ಬಟ್ಟಲುಗಳಿಗೆ ಅಂಚಿನವರೆಗೆ ತುಂಬಿ. ತಳದಲ್ಲಿ ಸಣ್ಣ ತೂತಿದ್ದರೆ ಮೊದಲು ಒಂದು ಚಮಚ ಮಿಶ್ರಣವಷ್ಟೇ ಹಾಕಿ ಫ್ರಿಜ್‌ನಲ್ಲಿಡಿ. ಅದು ಗಟ್ಟಿಯಾಗಿ ತೂತು ಮುಚ್ಚಿದ ಮೇಲೆ ಉಳಿದದ್ದು ತುಂಬಿ. ಬೇಗ ಆಗಲಿ ಅಂತ ಫ್ರೀಜರ್‌ಗೆ ಮಾತ್ರ ಹಾಕಬೇಡಿ. ಹೆಪ್ಪುಗಟ್ಟಿ ಕರಗಿದ ಜೆಲ್ಲಿ ನೀರು ಬಿಡುತ್ತದೆ.

ಮದ್ಯ ಜಾಸ್ತಿ ಮಾಡಬಹುದಾ?

ಎಲ್ಲರೂ ಕೇಳುವ ಪ್ರಶ್ನೆ. ನನ್ನ ಉತ್ತರ, ಬೇಡ. ಮದ್ಯ ಮಿತಿ ಮೀರಿದರೆ ಜೆಲಟಿನ್ ಸರಿಯಾಗಿ ಕೂರುವುದಿಲ್ಲ. ನಿಂಬೆಯ ಹುಳಿಯೂ ಅದರ ಬಲ ತಗ್ಗಿಸುತ್ತದೆ, ಅದಕ್ಕೇ ಇಲ್ಲಿ ಜೆಲಟಿನ್ ಸಾಮಾನ್ಯ ಜೆಲ್ಲಿಗಿಂತ ಹೆಚ್ಚು ಹಾಕಿರುವುದು. ಒಟ್ಟು ಮಿಶ್ರಣದ ಕಾಲು ಭಾಗದ ಒಳಗೇ ಮದ್ಯ ಇರಲಿ.

ಲೆಕ್ಕವೂ ನೋಡಿ. 40 ಶೇಕಡಾ ವೋಡ್ಕಾ 100 ಎಂ.ಎಲ್.ನಲ್ಲಿ ಸುಮಾರು 32 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. 32 ಹೋಳಿಗೆ ಹಂಚಿದರೆ ಹೋಳಿಗೆ 1 ಗ್ರಾಂ. ಹತ್ತು ಹೋಳು ತಿಂದವರು 30 ಎಂ.ಎಲ್.ಗಿಂತ ತುಸು ಹೆಚ್ಚೇ ವೋಡ್ಕಾ ಕುಡಿದ ಹಾಗೆ. ಗ್ಲಾಸ್ ಖಾಲಿಯಾಗಿದ್ದು ಕಣ್ಣಿಗೆ ಕಾಣುತ್ತದೆ, ಹೋಳುಗಳ ಲೆಕ್ಕ ಯಾರೂ ಇಡುವುದಿಲ್ಲ. ಒಂದು ಹೋಳಿನಲ್ಲಿ ಎಷ್ಟಿದೆ ಅಂತ ಬಂದವರಿಗೆ ಬಾಯಿಬಿಟ್ಟು ಹೇಳಿ. ಗಾಡಿ ಓಡಿಸುವವರಿಗೆ ಈ ತಟ್ಟೆ ಬೇಡವೇ ಬೇಡ.

ಮಕ್ಕಳಿರುವ ಮನೆಯಲ್ಲಿ ಇನ್ನೂ ಹುಷಾರು. ಮಗುವಿನ ಕಣ್ಣಿಗೆ ಇದು ಮಿಠಾಯಿ. ಸಣ್ಣ ಮಕ್ಕಳಿಗೆ ಸ್ವಲ್ಪ ಮದ್ಯವೂ ಅಪಾಯ, ರಕ್ತದ ಸಕ್ಕರೆ ಅಂಶ ಕುಸಿಯಬಹುದು. ವೋಡ್ಕಾ ಬದಲು ಅಷ್ಟೇ ಕಿತ್ತಳೆ ರಸ ಹಾಕಿ ಮಕ್ಕಳಿಗೆ, ಕುಡಿಯದವರಿಗೆ ಬೇರೆ ಮಾಡಿ. ಆದರೆ ಎರಡೂ ಒಂದೇ ಥರ ಕಾಣಬಾರದು. ಮದ್ಯವಿರುವುದು ಕಿತ್ತಳೆ ಸಿಪ್ಪೆಯಲ್ಲಿ, ಇಲ್ಲದ್ದು ಸಾದಾ ಕಪ್‌ನಲ್ಲಿ ಅಂತ ಮಾಡಿದರೆ ಗೊಂದಲವಿಲ್ಲ. ಮದ್ಯದ ತಟ್ಟೆ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿರಲಿ, ಫ್ರಿಜ್‌ನಲ್ಲೂ ಮೇಲಿನ ಅರೆಯಲ್ಲೇ ಇರಲಿ.

ಹಣ್ಣು ಬದಲಿಸುವಾಗ

ಮೋಸಂಬಿ, ನಿಂಬೆ ಎಲ್ಲ ಸಲೀಸು. ನಿಂಬೆ ಸಿಪ್ಪೆಯಲ್ಲೇ ಮಾಡಿದರೆ ಪುಟ್ಟ ಪುಟ್ಟ ಹೋಳು ಸಿಗುತ್ತವೆ, ಸಕ್ಕರೆ ಮಾತ್ರ ಹೆಚ್ಚು ಬೇಕು. ಗ್ರೇಪ್‌ಫ್ರೂಟ್‌ನ ಸಣ್ಣ ಕಹಿ ಜಿನ್ ಜೊತೆ ತುಂಬ ಚೆನ್ನಾಗಿ ಹೊಂದುತ್ತದೆ. ಆದರೆ ಕೊಲೆಸ್ಟ್ರಾಲ್, ರಕ್ತದೊತ್ತಡದ ಕೆಲವು ಮಾತ್ರೆಗಳ ಜೊತೆ ಆ ಹಣ್ಣು ಸೇರಬಾರದು, ಬರುವವರನ್ನು ಕೇಳಿಕೊಳ್ಳಿ. ಹಸಿ ಅನಾನಸ್, ಪಪ್ಪಾಯಿ, ಕಿವಿ ಹಣ್ಣು, ಹಸಿ ಶುಂಠಿ ರಸ ಸೇರಿಸಿದರೆ ಜೆಲ್ಲಿ ಕೂರುವುದೇ ಇಲ್ಲ. ಜೆಲಟಿನ್ ಒಂದು ಪ್ರೋಟೀನ್, ಇವುಗಳಲ್ಲಿರುವ ಕಿಣ್ವ ಅದನ್ನು ಕತ್ತರಿಸಿ ಹಾಕುತ್ತದೆ. ಕುದಿಸಿ ತಣಿಸಿದ ಅನಾನಸ್ ರಸವಾದರೆ ಪರವಾಗಿಲ್ಲ.

ಜೆಲಟಿನ್ ಬರುವುದು ಪ್ರಾಣಿಗಳ ಚರ್ಮ, ಮೂಳೆಯಿಂದ. ಸಸ್ಯಾಹಾರಿಗಳಿಗೆ ಕಡಲಪಾಚಿಯ ಅಗರ್ ಅಗರ್ ಪುಡಿ ಇದೆ. ಇದೇ ಅಳತೆಗೆ 4ರಿಂದ 5 ಗ್ರಾಂ ಸಾಕು. ಅದನ್ನು ಕುದಿಸಲೇಬೇಕು, ಅದೂ ಬರೀ ನೀರಿನಲ್ಲಿ. 150 ಎಂ.ಎಲ್. ನೀರಿಗೆ ಹಾಕಿ 3 ನಿಮಿಷ ಕುದಿಸಿ, ಒಲೆ ಆರಿಸಿ ಸಕ್ಕರೆ ಕರಗಿಸಿ, ಆಮೇಲೆ ರಸ, ವೋಡ್ಕಾ. ನೀರು ಹೆಚ್ಚಾದಷ್ಟು ಕಿತ್ತಳೆ ರಸ ಕಡಿಮೆ ಮಾಡಿ. ರಸ ಫ್ರಿಜ್‌ನಿಂದ ತೆಗೆದ ತಣ್ಣಗಿನದಾಗಿರಬಾರದು, ಪಾತ್ರೆಯಲ್ಲೇ ಹೆಪ್ಪುಗಟ್ಟಿಬಿಡುತ್ತದೆ. ಅಗರ್ ಜೆಲ್ಲಿ ಬಳುಕುವುದಿಲ್ಲ, ಕಚ್ಚಿದರೆ ಮುರಿಯುತ್ತದೆ. ಬಾಯಲ್ಲಿ ಕರಗುವ ಸುಖ ಅದರಲ್ಲಿಲ್ಲ. ಆದರೆ ಎಂಥ ಬಿಸಿಲಿಗೂ ಕರಗುವುದಿಲ್ಲ, ಅದು ದೊಡ್ಡ ಅನುಕೂಲ.

ಕತ್ತರಿಸಿ ಇಡುವುದು

ಉದ್ದನೆಯ ಹರಿತವಾದ ಚಾಕು ಬೇಕು. ಬಿಸಿನೀರಿಗೆ ಅದ್ದಿ, ಒರೆಸಿ, ಜೆಲ್ಲಿ ಮೇಲಾಗಿ ಇಟ್ಟುಕೊಂಡು ಒಂದೇ ಸಲ ಒತ್ತಿ ಕತ್ತರಿಸಿ. ಗರಗಸದಂತೆ ಹಿಂದೆ ಮುಂದೆ ಎಳೆದರೆ ಜೆಲ್ಲಿ ಸಿಪ್ಪೆಯಿಂದ ಬಿಟ್ಟುಕೊಳ್ಳುತ್ತದೆ. ಪ್ರತಿ ಅರ್ಧ ಹಣ್ಣಿಗೆ 4 ಹೋಳು.

ಜೆಲಟಿನ್ 30 ಡಿಗ್ರಿ ದಾಟುತ್ತಿದ್ದಂತೆ ಕರಗಲು ಶುರುವಾಗುತ್ತದೆ. ಬಾಯಲ್ಲಿ ಅಷ್ಟು ನಯವಾಗಿ ಕರಗುವುದು ಅದಕ್ಕೇ, ಬೇಸಿಗೆಯಲ್ಲಿ ತಟ್ಟೆಯಲ್ಲೇ ನೀರಾಗುವುದೂ ಅದಕ್ಕೇ. ಎಲ್ಲವನ್ನೂ ಒಟ್ಟಿಗೆ ಹೊರಗೆ ತರಬೇಡಿ. ಐಸ್ ತುಂಬಿದ ಅಗಲ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಇಟ್ಟು ಎಂಟು ಹತ್ತು ಹೋಳು ಜೋಡಿಸಿ, ಖಾಲಿಯಾದ ಹಾಗೆ ಮತ್ತೆ ತನ್ನಿ. ಜಾಗ ನೆರಳಿನಲ್ಲಿರಲಿ.

ಉಳಿದದ್ದನ್ನು ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಅದಕ್ಕಿಂತ ಹೆಚ್ಚು ಇಟ್ಟರೆ ಸಿಪ್ಪೆಯ ಕಹಿ ಜೆಲ್ಲಿಗೆ ಇಳಿಯತೊಡಗುತ್ತದೆ.