ಹಳೆ ಪತ್ರಿಕೆಗಳಲ್ಲಿ ಅಡ್ಡಹೆಸರಿನ ಜಾಡು ಹಿಡಿಯುವುದು ಹೇಗೆ?

ಮನೆತನದ ಬೇರು ಹುಡುಕುವ ಉತ್ತರ ಕರ್ನಾಟಕದವರಿಗೆ ಒಂದು ಅನುಕೂಲವಿದೆ: ಅಡ್ಡಹೆಸರು. ಹುಯಿಲಗೋಳ ಎಂಬುದನ್ನೇ ತಗೊಳ್ಳಿ. ಏಕೀಕರಣದ ಹಾಡು ಬರೆದ ನಾರಾಯಣರಾಯರಿಂದಾಗಿ ನಾಡಿಗೆಲ್ಲ ಗೊತ್ತಿರುವ ಹೆಸರು. ಆದರೆ ಅದು ಗದಗ ತಾಲ್ಲೂಕಿನ ಒಂದು ಊರೂ ಹೌದು. ಆ ಊರು ಬಿಟ್ಟು ಹೊರಟ ಯಾವ ಜಾತಿಯ, ಯಾವ ಕಸುಬಿನ ಮನೆಗಾದರೂ ಅದೇ ಅಡ್ಡಹೆಸರು ಬಂದಿರಬಹುದು. ಹೆಸರು ಸಿಕ್ಕ ಕೂಡಲೇ ಬಳಗ ಸಿಕ್ಕಿತು ಅಂದುಕೊಳ್ಳಬೇಡಿ.

ಮೊದಲು ಆ ಹೆಸರನ್ನು ಎಷ್ಟು ಬಗೆಯಲ್ಲಿ ಬರೆದಿರಬಹುದು ಅಂತ ಪಟ್ಟಿ ಮಾಡಿ. ಇಂಗ್ಲಿಷಿನಲ್ಲಿ ನಡುವೆ ವೈ ಸೇರಿಸಿ, ಕೊನೆಗೆ ಇ ಸೇರಿಸಿ, ಎರಡೂ ಬಿಟ್ಟು ಹುಡುಕಿ ನೋಡಿ. ಶಿರಸಿ ಕಡೆಯ ಹುಳಗೋಳ ಬೇರೆಯೇ ಊರು, ಅದನ್ನು ಬೆರೆಸಬೇಡಿ. ಊರಿನ ಹೆಸರೂ ಹಾಕುವುದಾದರೆ ಧಾರವಾಡದ ಬದಲು 'ಧಾರವಾರ್' ಅಂತ ಹುಡುಕಿ. ಬ್ರಿಟಿಷರ ಕಾಲದ ಇಂಗ್ಲಿಷ್ ಕಾಗದಪತ್ರಗಳಲ್ಲಿ ಇರುವುದೇ ಹಾಗೆ.

ಆಮೇಲೆ ಎಲ್ಲಿ ಹುಡುಕುವುದು? ಗದಗವೂ ಸೇರಿದ್ದ ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಹಾಗಾಗಿ ಬೆಂಗಳೂರಿಗಿಂತ ಮುಂಬೈಯ ಪತ್ರಿಕೆಗಳೇ ಜಾಸ್ತಿ ಉಪಯೋಗ. 1838ರಲ್ಲಿ ಶುರುವಾದ ಟೈಮ್ಸ್ ಆಫ್ ಇಂಡಿಯಾದ ಹಳೆ ಪುಟಗಳು ಪ್ರೊಕ್ವೆಸ್ಟ್ ಎಂಬ ಆನ್‌ಲೈನ್ ಸಂಗ್ರಹದಲ್ಲಿವೆ. ನೇಮಕ, ವರ್ಗಾವಣೆಗೆ ಮುಂಬೈ ಸರಕಾರದ ಗೆಜೆಟ್ ನೋಡಿ. ಕನ್ನಡದಲ್ಲಿ ವಾಗ್ಭೂಷಣ (1896), ಕರ್ಮವೀರ (1921), ಜಯಕರ್ನಾಟಕ (1922) ಇವೆ. ಹಳೆ ಮಾಸಿಕಗಳ ಬಿಡಿ ಸಂಚಿಕೆಗಳು ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲೂ ಸಿಗುತ್ತವೆ. ಹಳೆ ಕನ್ನಡ ಅಚ್ಚನ್ನು ಯಂತ್ರ ಸರಿಯಾಗಿ ಓದುವುದಿಲ್ಲ, ಳ ಹೋಗಿ ಲ ಆಗಿರುತ್ತದೆ. ಹುಡುಕಿದಾಗ ಏನೂ ಬರಲಿಲ್ಲ ಅಂತ ಬಿಡದೆ ಪುಟ ತಿರುವಿ ನೋಡಿ. ಲೇಖನಗಳಿಗಿಂತ ಸಂಚಿಕೆಯ ಹಿಂದಿನ ಪುಟಗಳಲ್ಲೇ ಸಾಮಾನ್ಯರ ಹೆಸರು ಇರುವುದು: ವರ್ಗಣಿ (ಚಂದಾ ಹಣ) ಮುಟ್ಟಿದ ಪಟ್ಟಿ, ದೇಣಿಗೆ ಕೊಟ್ಟವರು, ಪರೀಕ್ಷೆ ಪಾಸಾದವರು.

ಹೆಸರು ಸಿಕ್ಕಿದರೆ ಅದರ ಹಿಂದಿನ ಅಕ್ಷರಗಳನ್ನು ಬಿಡಬೇಡಿ, ನಿಜವಾದ ಸುಳಿವು ಅಲ್ಲಿದೆ. ಈ ಕಡೆ ಮೊದಲನೆಯದು ಸ್ವಂತ ಹೆಸರು, ಎರಡನೆಯದು ತಂದೆಯದು. 'ರಾ. ಕೃ.' ಅಂತ ಇದ್ದರೆ ಅವರ ತಂದೆ 'ಕೃ.' ಇಂದ ಶುರುವಾಗುವವರು. ಇಪ್ಪತ್ತು ಮೂವತ್ತು ವರ್ಷ ಹಿಂದಿನ ಸಂಚಿಕೆಗಳಲ್ಲಿ 'ಕೃ.' ಹುಡುಕಿ. ಹೀಗೆ ಕೊಂಡಿ ಕೊಂಡಿಯಾಗಿ ಹಿಂದೆ ಹೋಗಬಹುದು. ಒಂದು ತೊಡಕೂ ಇದೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಮನೆಗಳೇ ಜಾಸ್ತಿ ಅಲ್ವಾ? ರಾ. ಕೃ. ಅವರ ಮಗ ಕೃ. ರಾ., ಅವರ ಮಗ ಮತ್ತೆ ರಾ. ಕೃ.! 1890ರ ರಾ. ಕೃ. ಅವರನ್ನೂ 1940ರ ರಾ. ಕೃ. ಅವರನ್ನೂ ಒಬ್ಬರೇ ಅಂದುಕೊಂಡರೆ ಎರಡು ತಲೆಮಾರು ಮಾಯ. ಊರು, ಹುದ್ದೆ, ವಯಸ್ಸು ಇವುಗಳಲ್ಲಿ ಎರಡಾದರೂ ತಾಳೆಯಾಗಬೇಕು.

ತಾರೀಖಿನ ಬದಲು ಸಂವತ್ಸರ ಕಂಡರೆ ಗಾಬರಿ ಬೇಡ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಯುಗಾದಿಗೆ ಮುಂಚಿನ ತಿಂಗಳಾದರೆ 79. ಬರೀ ಸಂವತ್ಸರ ಇದ್ದರೆ ಅರವತ್ತು ವರ್ಷದ ಸುತ್ತು ನೆನಪಿರಲಿ. ರುಧಿರೋದ್ಗಾರಿ 1863ರಲ್ಲೂ ಬಂತು, 1923ರಲ್ಲೂ ಬಂತು.

ಸಿಕ್ಕ ಪ್ರತಿ ಸಾಲಿಗೂ ಪತ್ರಿಕೆ, ಸಂಪುಟ, ಸಂಚಿಕೆ, ಪುಟ ಬರೆದಿಡಿ. ಹೆಸರಿನ ತುಣುಕನ್ನಷ್ಟೇ ಅಲ್ಲ, ಪೂರ್ತಿ ಪುಟದ ಫೋಟೊ ತೆಗೆಯಿರಿ. ಪಟ್ಟಿಯಲ್ಲಿ ಪಕ್ಕದಲ್ಲಿರುವವರೇ ಬೀಗರೋ ನೆರೆಯವರೋ ಆಗಿರಬಹುದು. ಏನೂ ಸಿಗದ ಸಂಚಿಕೆಗಳನ್ನೂ ಗುರುತು ಹಾಕಿಡಿ, ಇಲ್ಲದಿದ್ದರೆ ಮುಂದಿನ ತಿಂಗಳು ಅದೇ ಧೂಳನ್ನು ಮತ್ತೆ ಕುಡಿಯಬೇಕಾಗುತ್ತದೆ.