ವಾರ್ಡನ್ ಕೆಲಸವೇ ಅಮೆರಿಕದಲ್ಲಿ ನನ್ನ ಫೀಸು ಕಟ್ಟಿತು: ನನ್ನ ಅನುಭವ

"ಹಾಸ್ಟೆಲ್ ವಾರ್ಡನ್ ಆಗೋಕೆ ಅಮೆರಿಕದಲ್ಲಿ ಓದಬೇಕಾ?" ಅಂತ ಕೇಳಿದವರು ಒಬ್ಬಿಬ್ಬರಲ್ಲ. ಮನೆಯವರು ಕೇಳಿದರು, ಸಹೋದ್ಯೋಗಿಗಳು ಕೇಳಿದರು. ಈಗ ವಿದ್ಯಾರ್ಥಿಗಳ ಹಾಸ್ಟೆಲ್, ಕ್ಯಾಂಪಸ್ ಬದುಕು ನೋಡಿಕೊಳ್ಳುವುದನ್ನು ಕಲಿಸುವ ಕಾಲೇಜ್ ಸ್ಟೂಡೆಂಟ್ ಅಫೇರ್ಸ್‌ನಲ್ಲಿ ಮಾಸ್ಟರ್ಸ್ ಮುಗಿಸಿ, ಒಂದು ರೂಪಾಯಿ ಸಾಲವಿಲ್ಲದೆ ಶಿವಮೊಗ್ಗಕ್ಕೆ ವಾಪಸ್ ಬಂದಿದ್ದೇನೆ. ಇಂಗ್ಲಿಷ್ ಪರೀಕ್ಷೆ ಟೋಫೆಲ್, ಯಾಕೆ ಓದಬೇಕು ಅಂತ ಅರ್ಜಿ ಜೊತೆ ಬರೆದುಕೊಡುವ ಎಸ್‌ಒಪಿ, ವೀಸಾಕ್ಕೆ ಕಾಲೇಜು ಕೊಡುವ ಐ-20 ಪತ್ರ ಎಲ್ಲ ನಿಮಗೆ ಗೊತ್ತಿರುತ್ತದೆ. ವಿದ್ಯಾರ್ಥಿಗಳ ಬೆಳವಣಿಗೆ ಬಗ್ಗೆ ಚಿಕರಿಂಗ್ ಅವರ ಏಳು ವೆಕ್ಟರ್‌ಗಳ ಥಿಯರಿ ಅಲ್ಲಿ ಹೋದ ಮೇಲೆ ಓದಿದರಾಯಿತು. ನಾನು ಹೇಳುವುದು ದುಡ್ಡಿನ ವಿಷಯ.

2020ರ ಡಿಸೆಂಬರ್‌ನಲ್ಲಿ ಮೊದಲ ಸಲ ಏಳು ಕಡೆ ಅರ್ಜಿ ಹಾಕಿದೆ. ಅರ್ಜಿ ಫೀಸು, ಟೋಫೆಲ್, ಮಾರ್ಕ್ಸ್‌ಕಾರ್ಡ್ ಇವಾಲ್ಯುಯೇಷನ್ ಎಲ್ಲ ಸೇರಿ ಹೆಚ್ಚುಕಮ್ಮಿ ತೊಂಬತ್ತು ಸಾವಿರ ಹೋಯಿತು. ಎರಡು ಕಡೆ ಸೀಟು ಸಿಕ್ಕಿತು, ಅಸಿಸ್ಟೆಂಟ್‌ಶಿಪ್ (ಕ್ಯಾಂಪಸ್‌ನಲ್ಲಿ ಕೆಲಸ ಮಾಡಿ ಫೀಸು ಮನ್ನಾ, ಸಂಬಳ ಪಡೆಯುವುದು) ಮಾತ್ರ ಎಲ್ಲೂ ಇಲ್ಲ. ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್ "ಮೂವತ್ತೈದು ಲಕ್ಷ ಸಾಲ ತಗೊಳ್ಳಿ, ಇಲ್ಲಾಂದ್ರೆ ಎಂಬಿಎ ಮಾಡಿ" ಅಂದ. ತೋಟ ಅಡ ಇಡುವ ಮಾತು ಮನೆಯಲ್ಲಿ ಬಂದ ದಿನ ಎರಡೂ ಸೀಟು ಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ.

ತಪ್ಪು ಎರಡು ಕಡೆ ಇತ್ತು. ಅಸಿಸ್ಟೆಂಟ್‌ಶಿಪ್ ಸೀಟಿನ ಜೊತೆ ತಾನಾಗಿ ಬರುತ್ತದೆ ಅಂದುಕೊಂಡಿದ್ದೆ. ಬಹಳ ಕಡೆ ಅದಕ್ಕೆ ಬೇರೆಯೇ ಅರ್ಜಿ, ಬೇರೆ ಇಂಟರ್‌ವ್ಯೂ. ಇನ್ನೊಂದು, ಐದು ವರ್ಷ ಹಾಸ್ಟೆಲ್ ನೋಡಿಕೊಂಡದ್ದನ್ನು ಎಸ್‌ಒಪಿಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೆ. ನಾಚಿಕೆ ಅಂತಲೇ ಹೇಳಬೇಕು.

ಎರಡನೇ ಸಲ ನಾಲ್ಕೇ ಕಡೆ ಹಾಕಿದೆ. ರೆಸಿಡೆನ್ಸ್ ಹಾಲ್‌ನಲ್ಲಿ, ಅಂದರೆ ಅಲ್ಲಿನ ಹಾಸ್ಟೆಲ್‌ನಲ್ಲಿ, ಕೆಲಸ ಕೊಡುವ ಕಡೆ ಮಾತ್ರ. ಬಿಕಾಂ ಮೂರೇ ವರ್ಷದ್ದು ಅಂತ ಕೆಲವರು ತಕರಾರು ಮಾಡುತ್ತಾರೆ. ನನ್ನ ಬಳಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಇದ್ದದ್ದು ಅಲ್ಲಿ ಕೈ ಹಿಡಿಯಿತು.

ಇಂಟರ್‌ವ್ಯೂ ನಮ್ಮ ರಾತ್ರಿ ಒಂಬತ್ತೂವರೆಗೆ. ಬಿಕ್ಕಟ್ಟು ನಿಭಾಯಿಸಿದ್ದನ್ನು ಹೇಳಿ ಅಂದರು. ನಾನು 2019ರ ಮಂಗನ ಕಾಯಿಲೆಯ ಕಥೆ ಹೇಳಿದೆ. ಸಾಗರ ತಾಲೂಕಿನ ಅರಳಗೋಡಿನಲ್ಲಿ ಸಾವುಗಳಾಗಿದ್ದವು, ನಮ್ಮ ಹಾಸ್ಟೆಲ್‌ನಲ್ಲಿ ಸಾಗರದ ಕಡೆಯ ಹುಡುಗರ ಪಕ್ಕ ಊಟಕ್ಕೆ ಯಾರೂ ಕೂರುತ್ತಿರಲಿಲ್ಲ. ಇದು ಉಣುಗು ಕಚ್ಚಿ ಬರುವ ಜ್ವರ, ಪಕ್ಕ ಕೂತರೆ ಬರಲ್ಲ ಅಂತ ಡಾಕ್ಟರನ್ನು ಕರೆಸಿ ಹೇಳಿಸಿದೆ, ಮೂರು ದಿನ ಆ ಹುಡುಗರ ಜೊತೆಯೇ ಊಟಕ್ಕೆ ಕೂತೆ, ಸುಮಾರು ಎಂಬತ್ತು ಮನೆಗಳಿಗೆ ಫೋನ್ ಮಾಡಿದೆ. ಅರ್ಧ ಗಂಟೆಯ ಇಂಟರ್‌ವ್ಯೂ ಒಂದು ಗಂಟೆ ದಾಟಿತು. ಇಂಥ ಉತ್ತರ ಅವರಿಗೆ ಬೇರೆ ಯಾರೂ ಕೊಟ್ಟಿರಲಾರರು, ಆ ಹೆಮ್ಮೆ ನನಗಿದೆ. ಕೊನೆಯಲ್ಲಿ ನಾನೂ ಅವರಿಗೆ ಒಂದು ಪ್ರಶ್ನೆ ಕೇಳಿದೆ. ಅದನ್ನು ಇಲ್ಲಿ ಬರೆಯಲ್ಲ. ನಮ್ಮ ಹಾಸ್ಟೆಲ್‌ನ ಇಬ್ಬರು ಈ ವರ್ಷ ಅರ್ಜಿ ಹಾಕುತ್ತಿದ್ದಾರೆ, ಅದು ಅವರಿಗೆ.

ಆ ಕೆಲಸ ಸಿಕ್ಕಿತು. ಟ್ಯೂಷನ್ ಫೀಸು ಮನ್ನಾ, ಇರಲು ಮನೆ, ಊಟ, ತಿಂಗಳಿಗೆ ಸಾವಿರದ ನೂರು ಡಾಲರ್ ಹತ್ತಿರ. ವಾರಕ್ಕೆ ಇಪ್ಪತ್ತು ಗಂಟೆ ಕೆಲಸ, ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿ ಸೆಮಿಸ್ಟರ್ ನಡೆಯುವಾಗ ಅದಕ್ಕಿಂತ ಜಾಸ್ತಿ ಮಾಡುವಂತಿಲ್ಲ. ಆದರೆ ಮನ್ನಾ ಅಂದರೆ ಪೂರ್ತಿ ಮನ್ನಾ ಅಲ್ಲ, ಹುಷಾರು. ಇತರ ಫೀಸು, ಇನ್ಶೂರೆನ್ಸ್ ಅಂತ ಪ್ರತಿ ಸೆಮಿಸ್ಟರ್ ಸಾವಿರದ ಮುನ್ನೂರು ಡಾಲರ್ ಕೈಯಿಂದ ಹೋಯಿತು. ಮೊದಲ ಸಂಬಳಕ್ಕೆ ಆರು ವಾರ ಕಾಯಬೇಕಾಯಿತು. 2022ರ ಆಗಸ್ಟ್‌ನಲ್ಲಿ ಟಿಕೆಟ್ ತೊಂಬತ್ತು ಸಾವಿರ ಚಿಲ್ಲರೆ. ಅಪ್ಪ ಎರಡು ಕ್ವಿಂಟಾಲ್ ಅಡಿಕೆ ಮಾರಿದ ದುಡ್ಡು ಅದಕ್ಕೇ ಸರಿಹೋಯಿತು.

ಅಲ್ಲಿ ಒಂದು ಪ್ರಯೋಗ ಮಾಡಿದೆ. ಫ್ಲೋರ್ ಮೀಟಿಂಗ್‌ಗೆ ಯಾರೂ ಬರುತ್ತಿರಲಿಲ್ಲ. ಲಾಬಿಯಲ್ಲಿ ಸುಮ್ನೆ ಒಂದು ಕೇರಂ ಬೋರ್ಡ್ ಇಟ್ಟೆ. ರೂಮಿನಿಂದ ಹೊರಗೇ ಬಾರದ ಮೂವರು ದಿನಾ ಬಂದು ಕೂರಲು ಶುರು ಮಾಡಿದರು. ಕೇರಂ ಪೌಡರ್‌ನಿಂದ ಕಾರ್ಪೆಟ್ ಹಾಳಾಯಿತು ಅಂತ ಬೈಸಿಕೊಂಡೆ, ಬೋರ್ಡ್ ಮಾತ್ರ ತೆಗೆಯಲಿಲ್ಲ.

ಓದು ಮುಗಿದ ಮೇಲೆ ಒಪಿಟಿ, ಅಂದರೆ ಅಲ್ಲೇ ಕೆಲಸ ಮಾಡಲು ಸಿಗುವ ಅನುಮತಿ, ಒಂದೇ ವರ್ಷ. ನಮ್ಮ ಕೋರ್ಸು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಅಲ್ಲ, ಇದು ಮೊದಲೇ ಗೊತ್ತಿರಲಿ. ನಾನು ಹೇಗೂ ಬರುವವನೇ ಇದ್ದೆ. ಹೊಸದಾಗಿ ಸೇರಿದ ಮಕ್ಕಳನ್ನು ಮೊದಲ ಆರು ವಾರ ಕೈಬಿಡಬಾರದು ಅನ್ನುವುದು ಅಲ್ಲಿ ಹಾಲ್ ನೋಡಿಕೊಳ್ಳುವವರೆಲ್ಲ ಹೇಳುವ ಮಾತು. ಇಲ್ಲಿ ಆ ಆರು ವಾರ ಬೀಳುವುದು ಜೋರು ಮಳೆಯಲ್ಲಿ. ಬಟ್ಟೆ ಒಣಗಲ್ಲ, ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗರಿಗೆ ಮನೆಗೆ ಫೋನ್ ಸಿಗಲ್ಲ. ಮೊದಲೆಲ್ಲ ಆ ಹೊತ್ತಿಗೆ ಎಂಟೊಂಬತ್ತು ಹುಡುಗರು ಗಂಟುಮೂಟೆ ಕಟ್ಟುತ್ತಿದ್ದರು. ಈ ಸಲ ದಿನಾ ರಾತ್ರಿ ಹತ್ತು ರೂಮಿಗೆ ಹೋಗಿ ಕೂತು ಬಂದೆ. ಇಬ್ಬರು ಮಾತ್ರ ಹೋದರು. ಅವರಲ್ಲಿ ಒಬ್ಬ ದಸರಾ ಕಳೆದ ಮೇಲೆ ಹಾಸಿಗೆ ಹೊತ್ತುಕೊಂಡು ವಾಪಸ್ ಬಂದ.