ಕೊಳಗ ಎತ್ತಿಡುವ 15 ನಿಮಿಷ

‘ನೀವು ಲೋಕಕ್ಕೆ ಬೆಳಕಾಗಿದ್ದೀರಿ’ ಎಂದರು ಯೇಸುಸ್ವಾಮಿ (ಮತ್ತಾಯ 5:14). ಬೆಳಕಾಗಿರಿ ಎನ್ನಲಿಲ್ಲ, ಆಗಿದ್ದೀರಿ ಎಂದರು. ಮರುವಚನದಲ್ಲೇ ಕೊಳಗದೊಳಗೆ, ಅಂದರೆ ಧಾನ್ಯ ಅಳೆಯುವ ಪಾತ್ರೆಯೊಳಗೆ, ಇಟ್ಟ ದೀಪದ ಮಾತು ಬರುತ್ತದೆ. ದೀಪ ಹಚ್ಚಿದವರು ದೇವರು. ಅದನ್ನು ಮುಚ್ಚಿರುವ ಕೊಳಗ ಯಾವುದೆಂದು ಗುರುತಿಸಿ ಎತ್ತಿಡುವುದಷ್ಟೇ ನನ್ನ ಪಾಲಿನ ಕೆಲಸ.

ಅದಕ್ಕೆ ನಾನು ಇಟ್ಟುಕೊಂಡಿರುವುದು ರಾತ್ರಿ ಊಟಕ್ಕೆ ಮೊದಲಿನ 15 ನಿಮಿಷದ ಪ್ರಾರ್ಥನೆ. ಹಾಸಿಗೆಯಲ್ಲಿ ಮಲಗಿ ಮಾಡುವುದು ಬೇಡ. ದಣಿದ ಮನಸ್ಸಿಗೆ ತನ್ನ ತಪ್ಪು ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಸತ್ಯವೇದ, ಒಂದು ನೋಟ್‌ಬುಕ್, ಪೆನ್ನು ಇದ್ದರೆ ಸಾಕು. ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಮೊದಲ 4 ನಿಮಿಷ ಕೃತಜ್ಞತೆಗೆ. ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲ (1491–1556) ಕಲಿಸಿದ ಆತ್ಮಪರಿಶೋಧನೆಯ, ಅಂದರೆ ಕಳೆದ ದಿನವನ್ನು ದೇವರ ಮುಂದೆ ತಿರುಗಿ ನೋಡುವ ಪ್ರಾರ್ಥನೆಯ, ಐದು ಹಂತಗಳಲ್ಲೂ ಕೃತಜ್ಞತೆಯೇ ಮೊದಲನೆಯದು. ದಿನದ ಲೆಕ್ಕ ನೋಡುವುದು ಮೂರನೆಯದು. ತಪ್ಪಿನಿಂದಲೇ ಶುರು ಮಾಡಿದರೆ ಪ್ರಾರ್ಥನೆ ವಿಚಾರಣೆಯಾಗಿಬಿಡುತ್ತದೆ. ಮೂರು ಸಂಗತಿ ಬರೆಯುತ್ತೇನೆ. ‘ಎಲ್ಲದಕ್ಕೂ ಸ್ತೋತ್ರ’ ಎಂದು ಬರೆದರೆ ಮನಸ್ಸಿಗೆ ಏನೂ ತಾಕುವುದಿಲ್ಲ. ‘ಮಧ್ಯಾಹ್ನ ಸಿಟ್ಟು ಬಂದಾಗ ನಾಲಿಗೆ ಬಿಗಿಹಿಡಿದೆ, ಆ ತಾಳ್ಮೆಗೆ ಸ್ತೋತ್ರ’ ಎನ್ನುವಷ್ಟು ಸಣ್ಣದು, ಖಚಿತವಾದದ್ದು ಬೇಕು. ಮೂರರಲ್ಲಿ ಒಂದಾದರೂ ದೇವರು ನನ್ನ ಮೂಲಕ ಮಾಡಿದ ಒಳ್ಳೆಯದಾಗಿರಬೇಕು. ಜಂಬವಾದೀತು ಎಂದು ಇಲ್ಲೇ ಬಹಳ ಜನ ಹಿಂಜರಿಯುತ್ತಾರೆ. ಕೊಟ್ಟವರ ಹೆಸರು ಬಿಟ್ಟರೆ ಜಂಬ; ಸೇರಿಸಿದರೆ ಅದೂ ಸ್ತೋತ್ರವೇ.

ಮುಂದಿನ 7 ನಿಮಿಷವೇ ನಿಜವಾದ ಕೆಲಸ. ಹಾಳೆಯ ನಡುವೆ ಒಂದು ಗೆರೆ ಎಳೆದು, ಎಡಭಾಗದಲ್ಲಿ ಆ ದಿನ ಒಳಗೆ ಚುಚ್ಚಿದ ಮಾತನ್ನು ಕೇಳಿಸಿದ ಹಾಗೇ ಬರೆಯುತ್ತೇನೆ. ದಿನಕ್ಕೆ ಒಂದೇ. ಬರೆದಾದ ಮೇಲೆ ಒಂದು ಪರೀಕ್ಷೆ: ಆ ಮಾತಿನಲ್ಲಿ ಮಾಡಿದ ಕೆಲಸದ ಹೆಸರಿದೆಯೇ? ‘ಬೆಳಿಗ್ಗೆ ಮಗಳ ಮೇಲೆ ಸುಮ್ಮನೆ ರೇಗಿದೆ’ ಎಂಬುದರಲ್ಲಿ ಹೊತ್ತು, ವ್ಯಕ್ತಿ, ಕೃತ್ಯ ಮೂರೂ ಇವೆ. ಮುಂದಿನ ದಾರಿಯೂ ಇದೆ. ಇಂಥದ್ದನ್ನು ದೇವರಿಗೆ ಅರಿಕೆ ಮಾಡಿ, ಎದ್ದು ಹೋಗಿ ಮಗಳ ಕ್ಷಮೆ ಕೇಳಬೇಕು. ‘ನಿನ್ನ ಹಣೆಬರಹವೇ ಇಷ್ಟು, ನೀನು ಯಾತಕ್ಕೂ ಬಾರದವಳು’ ಎಂಬ ಮಾತಿಗೆ ಬಾಗಿಲೇ ಇಲ್ಲ. ಕ್ರಿಸ್ತನಲ್ಲಿರುವವರಿಗೆ ಅಪರಾಧನಿರ್ಣಯವಿಲ್ಲ (ರೋಮಾ 8:1). ಆದ್ದರಿಂದ ಇದು ದೇವರ ಮಾತಲ್ಲ. ಇದೇ ಕೊಳಗ. ಇದನ್ನು ಪಾಪವೆಂದು ಅರಿಕೆ ಮಾಡಕೂಡದು. ಮಾಡಿದ ತಪ್ಪಿನ ಜೊತೆಗೆ ತನ್ನನ್ನೇ ತಪ್ಪೆಂದು ಒಪ್ಪಿಸಿಬಿಡುವುದು ಈ ಅಭ್ಯಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ಆಗುವ ಎಡವಟ್ಟು, ಅನೇಕರು ಅದನ್ನೇ ದೀನತೆ ಎಂದುಕೊಂಡಿರುತ್ತಾರೆ.

ಲೂಕ 15ರಲ್ಲಿ ಯೇಸು ಹೇಳಿದ ತಪ್ಪಿಹೋದ ಮಗನ ಕಥೆಯನ್ನು ನಿಧಾನವಾಗಿ ಓದಿ. ಆಸ್ತಿಯ ಪಾಲನ್ನು ಹಾಳುಮಾಡಿ ಹಂದಿ ಕಾಯುತ್ತಿದ್ದ ಕಿರಿಮಗ ಅಪ್ಪನಿಗೆ ಹೇಳಬೇಕಾದ್ದನ್ನು ಮೊದಲೇ ಜೋಡಿಸಿಕೊಳ್ಳುತ್ತಾನೆ: ಪಾಪ ಮಾಡಿದ್ದೇನೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಾಗಿ ಇಟ್ಟುಕೋ (18–19). ಮನೆಗೆ ಬಂದಾಗ ಅವನ ಬಾಯಿಂದ ಬರುವುದು ಮೊದಲ ಎರಡೇ (21). ಕೂಲಿಯ ಮಾತು ಬರುವಷ್ಟರಲ್ಲಿ ಅಪ್ಪ ನಿಲುವಂಗಿ, ಉಂಗುರ, ಜೋಡು ತರಲು ಆಳುಗಳಿಗೆ ಹೇಳಿಯಾಗಿದೆ. ಪಾಪದ ಅರಿಕೆಯನ್ನು ಅಪ್ಪ ಕೇಳಿಸಿಕೊಂಡ. ಕೂಲಿಯಾಳಾಗುವ ಬೇಡಿಕೆಗೆ ಜಾಗವನ್ನೇ ಕೊಡಲಿಲ್ಲ.

ಹಾಳೆಯ ಬಲಭಾಗದಲ್ಲಿ, ದೇವರ ಕಣ್ಣಿಗೆ ನಾವು ಯಾರೆಂದು ಹೇಳುವ ಒಂದು ವಚನ. ಯೆಶಾಯ 43:4, ಕೀರ್ತನೆ 139:14, ಎಫೆಸ 2:10 ಇವುಗಳಲ್ಲಿ ಒಂದನ್ನು ಆರಿಸಿ ಇಡೀ ವಾರ ಅದನ್ನೇ ಇಟ್ಟುಕೊಳ್ಳಿ. ದಿನಕ್ಕೊಂದು ಬದಲಿಸಿದರೆ ಯಾವುದೂ ಬೇರೂರುವುದಿಲ್ಲ. ನಿಮ್ಮ ಹೆಸರು ಸೇರಿಸಿ, ನಿಮ್ಮ ಕಿವಿಗೆ ಬೀಳುವಂತೆ ಮೂರು ಸಲ ಓದಿ. ಒಳಗೆ ಏನೂ ಅನ್ನಿಸದ ದಿನಗಳೂ ಬರುತ್ತವೆ. ‘ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು’ (1 ಯೋಹಾನ 3:20) ಎಂಬುದು ಅಂಥ ದಿನಗಳಿಗೆಂದೇ ಇದೆ.

ಉಳಿದ 4 ನಿಮಿಷದಲ್ಲಿ ನಾಳೆ ಯಾರಿಗಾದರೂ ಮಾಡುವ ಒಂದು ಸಣ್ಣ ಕೆಲಸ ಬರೆದಿಡಿ. ದೀಪಸ್ತಂಭದ ಮೇಲಿನ ದೀಪ ಮನೆಯವರಿಗೆಲ್ಲ ತಾನೇ?

ಎಡಭಾಗದಲ್ಲಿ ಸಾಯಬೇಕೆಂಬ ಮಾತು ಬಂದರೆ ಅದನ್ನು ನೋಟ್‌ಬುಕ್‌ನಲ್ಲೇ ಬಿಡಬೇಡಿ. ಆಗಲೇ ಹತ್ತಿರದವರೊಬ್ಬರಿಗೆ ಹೇಳಿ, ವೈದ್ಯರನ್ನು ಕಾಣಿ. ಪ್ರಾರ್ಥನೆ ಅದರ ಜೊತೆಜೊತೆಗೇ ನಡೆಯಲಿ.

ತೀರಾ ಹೊತ್ತಿಲ್ಲದ ದಿನ ಎಡಭಾಗವನ್ನು ಖಾಲಿ ಬಿಡಿ. ಕೃತಜ್ಞತೆಯ ಮೂರು ಸಾಲು, ವಚನದ ಒಂದು ಸಾಲು ಮಾತ್ರ ತಪ್ಪಿಸಬೇಡಿ.